ಫೈಲ್ ಕಾಪಿಯಾಗದ ಹಾರ್ಡ್ ಡಿಸ್ಕನ್ನು ಮೊದಲೇ ರಿಪೇರಿಗೆ ಒಡ್ಡಬೇಡಿ

ಹಾರ್ಡ್ ಡಿಸ್ಕಿನಿಂದ ಫೈಲುಗಳನ್ನು ಕಾಪಿ ಮಾಡುವಾಗ ಪದೇಪದೇ ಎರರ್ ಬರುತ್ತಿದ್ದರೆ ಮೊದಲು ಒಳಗಿರುವುದನ್ನು ಹೊರಗೆ ತೆಗೆಸಿ. ಅಲ್ಲಿಯವರೆಗೆ ಆ ಡಿಸ್ಕನ್ನು ಸರಿಪಡಿಸಲು ಯಾರಿಗೂ ಬಿಡಬೇಡಿ. ಈ ಕ್ರಮ ತಲೆಕೆಳಗಾದುದರಿಂದ, ನಮ್ಮ ತಂದೆಯವರು ಹಳ್ಳಿಹಳ್ಳಿ ಸುತ್ತಿ ಧ್ವನಿಮುದ್ರಿಸಿಕೊಂಡಿದ್ದ ಸೋಬಾನೆ ಪದಗಳಲ್ಲಿ ಬಹುಪಾಲನ್ನು ನಾವು ಕಳೆದುಕೊಂಡೆವು. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಅವರ ಡೆಸ್ಕ್‌ಟಾಪ್‌ನಲ್ಲಿದ್ದ 1 ಟಿಬಿ ಡಿಸ್ಕಿನಿಂದ ಆ ಹಾಡುಗಳನ್ನು ಎಕ್ಸ್‌ಟರ್ನಲ್ ಡ್ರೈವ್‌ಗೆ ಹಾಕುತ್ತಿದ್ದಾಗ, ಚುರುಕಾಗಿ ಸಾಗಿದ್ದ ಕಾಪಿ ಒಂದು ಫೋಲ್ಡರಿಗೆ ಬಂದೊಡನೆ ನಿಧಾನವಾಗುತ್ತ ಸೊನ್ನೆಗೆ ಇಳಿಯಿತು. ಕ್ಯಾಬಿನೆಟ್ಟಿನೊಳಗಿಂದ ಟಕ್ ಟಕ್ ಎಂಬ ಸದ್ದು ಒಂದೇ ಲಯದಲ್ಲಿ ಕೇಳಿಸತೊಡಗಿತು. ಬಳಿಕ ಪರದೆಯ ಮೇಲೆ ‘ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂಬ ಸಂದೇಶ ಬಂತು. ಡಿಸ್ಕ್ ಪ್ರತಿಯೊಂದು ಸೆಕ್ಟರಿನ (ಡೇಟಾ ಬರೆದಿಡುವ ಚಿಕ್ಕ ಜಾಗದ) ಜೊತೆಗೂ ತಪ್ಪು ತಿದ್ದಿಕೊಳ್ಳಲು ಬೇಕಾದ ಸಂಕೇತವನ್ನು ಬರೆದಿಟ್ಟಿರುತ್ತದೆ. ಓದಿದ್ದು ಅದಕ್ಕೆ ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದಿ ನೋಡುತ್ತದೆ, ವೇಗ ಕುಸಿಯುವುದು ಆಗಲೇ. ಎಷ್ಟು ಓದಿದರೂ ತಿದ್ದಲಾಗದಿದ್ದಾಗ ಕೈಚೆಲ್ಲಿ ಇಂಥ ಸಂದೇಶ ಕೊಡುತ್ತದೆ.

ನಮ್ಮೂರಿನ ಒಂದು ದುರಸ್ತಿ ಅಂಗಡಿಗೆ ಡಿಸ್ಕನ್ನು ಕೊಡುವಾಗ, ನಮಗೆ ಫೈಲುಗಳು ಸಿಕ್ಕರೆ ಸಾಕು, ಡಿಸ್ಕ್ ಹೋದರೂ ಚಿಂತೆಯಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದೆವು. ಅವರು ‘ವಿಂಡೋಸ್ ಕರಪ್ಟ್ ಆಗಿದೆ ಸರ್, ಒಂದು ಸ್ಕ್ಯಾನ್ ಹಾಕಿದರೆ ಸರಿಹೋಗುತ್ತದೆ’ ಎಂದವರೇ, ನಮ್ಮನ್ನು ಕೇಳದೆ, ರಾತ್ರಿಯಿಡೀ ವಿಂಡೋಸಿನ ಡಿಸ್ಕ್ ತಪಾಸಣಾ ಸಾಧನವಾದ ಚೆಕ್‌ಡಿಸ್ಕನ್ನು ‘ಆರ್’ ಆಯ್ಕೆಯೊಂದಿಗೆ ಓಡಿಸಿದರು. ಆ ಆಯ್ಕೆ ಇಡೀ ಡಿಸ್ಕನ್ನು ಓದಿ ಕೆಟ್ಟ ಸೆಕ್ಟರುಗಳನ್ನು ಹುಡುಕುತ್ತದೆ, ಜೊತೆಗೆ ಯಾವ ಫೈಲ್ ಎಲ್ಲಿದೆಯೆಂದು ಗುರುತಿಡುವ ಫೈಲ್ ಸಿಸ್ಟಮ್ಮಿನ ದಾಖಲೆಗಳನ್ನು ತಿದ್ದಿ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ. ಕರೆಂಟ್ ಹೋಗಿ ದಾಖಲೆ ಅಸ್ತವ್ಯಸ್ತವಾದ ಆರೋಗ್ಯವಂತ ಡಿಸ್ಕಿಗೆ ಇದರಿಂದ ಉಪಯೋಗವುಂಟು. ಸಾಯುತ್ತಿರುವ ಡಿಸ್ಕಿಗೆ ಮಾತ್ರ, ಉಸಿರುಗಟ್ಟುತ್ತಿರುವ ರೋಗಿಯನ್ನು ಬೆಟ್ಟ ಹತ್ತಿಸಿದಂತೆ. ಮರುದಿನ ನೋಡಿದರೆ, ಊರಿನ ಹೆಸರು, ಹಾಡಿದವರ ಹೆಸರು ಬರೆದಿಟ್ಟಿದ್ದ ಫೋಲ್ಡರುಗಳ ಬದಲಿಗೆ ‘ಫೌಂಡ್.000’ ಎಂಬ ಒಂದು ಫೋಲ್ಡರ್, ಅದರ ತುಂಬ ‘ಫೈಲ್0000’ ಎಂಬಂಥ ಅಂಕಿ-ಹೆಸರು ಹೊತ್ತ ಸಿಎಚ್‌ಕೆ ತುಣುಕುಗಳು. ಅವುಗಳಲ್ಲಿ ಕೆಲವು ಹಾಡಿದವಾದರೂ ಯಾರ ಹಾಡು, ಯಾವ ಊರಿನದೆಂದು ಹೇಳಲು ಏನೂ ಉಳಿದಿರಲಿಲ್ಲ. ಆಮೇಲೆ ಡಿಸ್ಕ್, ಕಂಪ್ಯೂಟರ್ ಶುರುವಾಗುವಾಗ ಯಂತ್ರಭಾಗಗಳನ್ನು ಗುರುತಿಸುವ ಬಯೋಸ್‌ನಲ್ಲಿ ಒಮ್ಮೆ ಕಂಡರೆ ಇನ್ನೊಮ್ಮೆ ಕಾಣದಂತಾಯಿತು.

ಹಾಗೆಂದು ಕಾಪಿ ನಿಂತಾಗಲೆಲ್ಲ ಡಿಸ್ಕೇ ಕೆಟ್ಟಿದೆಯೆಂದು ಗಾಬರಿಪಡಬೇಕಾಗಿಲ್ಲ. ಎಫ್‌ಎಟಿ32 ಪೆನ್‌ಡ್ರೈವಿಗೆ 4 ಜಿಬಿ ಮೀರಿದ ಫೈಲ್ ಹೋಗುವುದೇ ಇಲ್ಲ, ಅದು ಆ ಫೈಲ್ ಸಿಸ್ಟಮ್ಮಿನ ಮಿತಿ. ಪ್ರತಿಸಲವೂ ಅದೇ ಫೈಲಿನಲ್ಲಿ ನಿಂತರೆ ಮೂಲ ಡಿಸ್ಕಿನ ಮೇಲೆ ಸಂಶಯಪಡಿ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಕೇಬಲ್, ಯುಎಸ್‌ಬಿ ಪೋರ್ಟ್ ಅಥವಾ ರ‍್ಯಾಮ್ ಕಡೆಗೂ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ‘ಸ್ಮಾರ್ಟ್’ ವಿವರಗಳು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟ ಲೆಕ್ಕಗಳು, ಸಿಗುತ್ತವೆ. ಅಲ್ಲಿ 05 ಎಂಬ ಸಾಲು ಈಗಾಗಲೇ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳನ್ನೂ, ಸಿ5 ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳನ್ನೂ ತೋರಿಸುತ್ತದೆ. ಡೇಟಾ ಸಾಗಿಸುವಾಗಿನ ತಪ್ಪುಗಳನ್ನು ಎಣಿಸುವ ಸಿ7 ಮಾತ್ರ ಏರುತ್ತಿದ್ದರೆ ತಪ್ಪು ಬಹುಮಟ್ಟಿಗೆ ಕೇಬಲ್ಲಿನದು. ಎಲ್ಲವೂ ಚೆನ್ನಾಗಿದೆಯೆಂದು ಸ್ಮಾರ್ಟ್ ಹೇಳಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ, ಯಾವ ಸೂಚನೆಯನ್ನೂ ಕೊಡದೆ ಸಾಯುವ ಡಿಸ್ಕುಗಳೂ ಇವೆ.

ಡಿಸ್ಕೇ ಕೆಟ್ಟಿದೆಯೆಂದು ಕಂಡರೆ ಅದರಿಂದ ವಿಂಡೋಸನ್ನು ಬೂಟ್ ಮಾಡಬೇಡಿ. ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್ ಲೈವ್ ಯುಎಸ್‌ಬಿಯಿಂದ ಕಂಪ್ಯೂಟರ್ ತೆರೆದು, ‘ಜಿಎನ್‌ಯು ಡಿಡಿರೆಸ್ಕ್ಯೂ’ ಎಂಬ ತಂತ್ರಾಂಶ ಬಳಸಿ, ಅಷ್ಟೇ ಅಥವಾ ಹೆಚ್ಚು ಸಾಮರ್ಥ್ಯದ ಇನ್ನೊಂದು ಡಿಸ್ಕಿಗೆ ಪೂರ್ತಿ ಪ್ರತಿ ತೆಗೆಯಿರಿ ಅಥವಾ ತಿಳಿದವರಿಂದ ತೆಗೆಸಿರಿ. ಆ ತಂತ್ರಾಂಶ ಸುಲಭವಾಗಿ ಓದಲು ಸಿಗುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದೆನೆಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಚೆಕ್‌ಡಿಸ್ಕ್ ಓಡಿಸಲೇಬೇಕಿದ್ದರೆ ಹೀಗೆ ತೆಗೆದ ಪ್ರತಿಯ ಇನ್ನೊಂದು ನಕಲಿನ ಮೇಲೆ ಓಡಿಸಿ. ಆದರೆ ನಮಗೆ ಕೇಳಿಸಿದಂಥ ಟಕ್ ಟಕ್ ಸದ್ದು ಬರುತ್ತಿದ್ದರೆ ಇದನ್ನೂ ಮಾಡದೆ ತಕ್ಷಣ ಆಫ್ ಮಾಡಿ. ಡೇಟಾ ಓದುವ ಹೆಡ್ಡುಗಳು ಕೆಟ್ಟಿದ್ದರೆ ಚಾಲೂ ಇರುವ ಒಂದೊಂದು ನಿಮಿಷವೂ ಡೇಟಾ ಇರುವ ತಟ್ಟೆಯಾದ ಪ್ಲ್ಯಾಟರನ್ನು ಕೆರೆಯಬಹುದು. ಅಂಥದ್ದನ್ನು ಧೂಳಿಲ್ಲದ ‘ಕ್ಲೀನ್ ರೂಮ್’ ಇರುವ ಡೇಟಾ ರಿಕವರಿ ಕೇಂದ್ರಕ್ಕೇ ಒಯ್ಯಬೇಕು. ಎಲ್ಲಿಗೆ ಕೊಟ್ಟರೂ ‘ಮೂಲ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದು, ಚೆಕ್‌ಡಿಸ್ಕ್ ಮತ್ತು ಫಾರ್ಮ್ಯಾಟ್ ಮಾಡಕೂಡದು’ ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ. ನಾವು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಅಲ್ಲಿ ಬೆಲೆಯಿರಲಿಲ್ಲ.

ಆ ಅಂಗಡಿಯವರು ಕೊನೆಗೆ, ಫಾರ್ಮ್ಯಾಟ್ ಮಾಡಿಕೊಟ್ಟರೆ ಡಿಸ್ಕ್ ಹೊಸದರಂತಾಗುತ್ತದೆ ಎಂದರು. ಅದನ್ನೂ ನಂಬಬೇಡಿ. ಪೂರ್ತಿ ಡಿಸ್ಕಿನ ಮೇಲೆ ಹೊಸದಾಗಿ ಬರೆದಾಗ ಕಾದಿದ್ದ ಸೆಕ್ಟರುಗಳು ಇತ್ಯರ್ಥವಾಗಿ ಸಿ5 ಸೊನ್ನೆಗೆ ಇಳಿಯಬಹುದು, ಆದರೆ ಬದಲಿಸಿದ ಸೆಕ್ಟರುಗಳ ಲೆಕ್ಕ 05ರಲ್ಲಿ ಉಳಿದಿರುತ್ತದೆ. ಸೆಕೆಂಡ್‌ಹ್ಯಾಂಡ್ ಡಿಸ್ಕ್ ಕೊಳ್ಳುವವರು ಹಣ ಕೊಡುವ ಮುನ್ನ ಆ ಸಾಲನ್ನು ತೆರೆಸಿ ನೋಡಬೇಕು.