ತಾರೀಖಿಗೆ ಮೊಬೈಲು, ಸಾಕ್ಷಿಗೆ ಕಟಕಟೆ

ಭಾಲ್ಕಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಅಪ್ಪನ ಹೊಲದಲ್ಲಿ ಪಾಲು ಕೇಳಿ ಅಣ್ಣಂದಿರ ಮೇಲೆ ದಾವೆ ಹಾಕಿ ಐದು ವರ್ಷವಾಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿದೆ, ಆದರೆ ಅದು ಕೈಗೆ ಬರಲು ಎಷ್ಟು ತಾರೀಖು! ಹೊಲ ಬೇರೆ ತಾಲ್ಲೂಕಿನದು, ಕೋರ್ಟೂ ಅಲ್ಲೇ. ಹೋದ ದಿನ ಅಂಗಡಿ ಬಂದ್. ಎರಡು ಸಲ ಮಧ್ಯಾಹ್ನದ ತನಕ ಕೂತ ಮೇಲೆ ಸಾಹೇಬರು ರಜೆ ಎಂದು ತಿಳಿಯಿತು.

‘ಇ-ಕೋರ್ಟ್ಸ್ ಸರ್ವೀಸಸ್’ ಆ್ಯಪ್ ಹಾಕಿಕೊಂಡ ಮೇಲೆ ಆ ಪಾಡು ಎಷ್ಟೋ ಕಡಿಮೆಯಾಗಿದೆ. ದುಡ್ಡಿಲ್ಲ. ಪ್ರತಿ ಕೇಸಿಗೂ ಕೋರ್ಟು ಕೊಡುವ, ಅಕ್ಷರ, ಅಂಕಿ ಸೇರಿ 16 ಇರುವ ಸಿಎನ್‌ಆರ್ ನಂಬರನ್ನು ಒಮ್ಮೆ ಹಾಕಿ ಉಳಿಸಿಕೊಂಡರೆ ಸಾಕು, ಮುಂದಿನ ತಾರೀಖು ಯಾವಾಗ, ಯಾತಕ್ಕೆ ಎಂಬುದು ಸಿಗುತ್ತದೆ. ಸರದಿ ಎಷ್ಟು ಗಂಟೆಗೆ ಎಂಬುದನ್ನು ಮಾತ್ರ ಯಾರೂ ಹೇಳಲಾರರು. ಮೊಬೈಲ್ ಬಾರದವರು ಕೋರ್ಟಿನ ಇ-ಸೇವಾ ಕೇಂದ್ರದಲ್ಲಿ ಕೇಳಬಹುದು.

ಒಂದು ತಾರೀಖಿಗೆ ವಕೀಲರು ಅರ್ಜಿ ಹಾಕಿ ವಿಡಿಯೊ ಹಾಜರಿಗೆ ಅನುಮತಿ ತಂದರು. ಶಟರ್ ಅರ್ಧ ಇಳಿಸಿ, ಮಷಿನ್ ನಿಲ್ಲಿಸಿ, ತಲೆ ಮೇಲೆ ಸೆರಗು ಹೊದ್ದು ಕೂತೆ. ಮೂರೇ ನಿಮಿಷದಲ್ಲಿ ಮುಂದಿನ ತಾರೀಖು ಬಿತ್ತು. ಅವತ್ತೇ ಎರಡು ರವಿಕೆ ಹೊಲಿದು ಮುಗಿಸಿದೆ.

ಆದರೆ ಸಾಕ್ಷಿಯ ಮಾತು ಬೇರೆ. ಅಜ್ಜ ಬರೆಸಿದ ವಾಟ್ನಿ ಪತ್ರ, ಅಂದರೆ ಆಸ್ತಿ ಪಾಲಿನ ಪತ್ರ, ಉರ್ದುವಿನಲ್ಲಿದೆ, ನಮ್ಮ ಮನೆಯಲ್ಲಿ ಅದನ್ನು ಓದಬಲ್ಲವಳು ಹೈದರಾಬಾದಿನಲ್ಲಿರುವ ಸೋದರತ್ತೆ ಒಬ್ಬಳೇ. ವಿಡಿಯೊದಲ್ಲೇ ಹೇಳಿಸಬಹುದಿತ್ತು. ಹಾಗೆ ಮಾಡಿದರೆ ಸಾಕ್ಷಿಗೆ ಪಕ್ಕದಿಂದ ಯಾರೂ ಹೇಳಿಕೊಡದಂತೆ ನೋಡಿಕೊಳ್ಳಲು ಅಲ್ಲೊಬ್ಬ ಸಂಯೋಜಕ ಇರಬೇಕೆಂಬ ನಿಯಮವಿದೆ. ವಕೀಲರ ಆಫೀಸಿನಿಂದ ಸುಮ್ಮನೆ ಒಮ್ಮೆ ಕರೆ ಮಾಡಿ ನೋಡಿದೆವು. ಪತ್ರವನ್ನು ಕ್ಯಾಮೆರಾಕ್ಕೆ ಹಿಡಿದರೆ ಬೆಳಕು ಬಡಿದು ಬರೀ ಬಿಳಿ ಹಾಳೆ. ಅತ್ತೆ ‘ಏನೂ ಕಾಣ್ಸವಲ್ದವ್ವಾ’ ಅಂದಳು.

ನಾನೇ ಹೋಗಿ ಬಸ್ಸಿನಲ್ಲಿ ಕರೆತಂದೆ. ಪಾಟೀ ಸವಾಲಿನಲ್ಲಿ ಎದುರು ವಕೀಲರು, ‘ಇದು ನಿಮ್ಮಪ್ಪನ ರುಜು ಅಂತ ಹೇಗೆ ಹೇಳ್ತೀರಮ್ಮ?’ ಎಂದು ಪತ್ರವನ್ನು ಕೈಗೇ ಕೊಟ್ಟರು. ಅತ್ತೆ ಚಷ್ಮಾ ಸರಿಮಾಡಿಕೊಂಡು, ಬಲದಿಂದ ಎಡಕ್ಕೆ ಬೆರಳಾಡಿಸಿ ಒಂದೊಂದೇ ಸಾಲು ಓದಿದಳು. ರುಜು ಬಂದಲ್ಲಿ ಬೆರಳು ನಿಂತಿತು. ‘ಕಡೀ ಅಕ್ಷರದ ಬಾಲ ಹಿಂಗ ಮ್ಯಾಲೆ ಎತ್ತಿ ಬರೀತಿದ್ದ ನಮ್ಮಪ್ಪ’ ಎಂದು ಗಾಳಿಯಲ್ಲಿ ಬರೆದು ತೋರಿಸಿದಳು. ಜಡ್ಜ್ ಸಾಹೇಬರು ಟೈಪಿಂಗ್ ನಿಲ್ಲಿಸಿ, ಪತ್ರ ತರಿಸಿಕೊಂಡು ತಾವೇ ನೋಡಿದರು.

ಈಗ ವಾದಕ್ಕೆ ತಾರೀಖು ಬಿದ್ದಿದೆ. ಅವತ್ತು ಮಾತಾಡುವವರು ವಕೀಲರು, ಕೇಳುವುದಷ್ಟೇ ನನ್ನ ಕೆಲಸ. ವಿಡಿಯೊ ಹಾಜರಿಗೆ ಅರ್ಜಿ ಹಾಕಿಸಿದ್ದೇನೆ.