ವೆಸ್ನೋತ್ ಮೋಸ ಮಾಡಲ್ಲ, 60% ಅಂದ್ರೆ ಬರೀ 60%

ಬ್ಯಾಟಲ್ ಫಾರ್ ವೆಸ್ನೋತ್ ಅನ್ನೋ ಕಂಪ್ಯೂಟರ್ ಯುದ್ಧದ ಗೇಮ್ ಆಡೋಕೆ ಶುರು ಮಾಡಿದವ್ರಲ್ಲಿ ತುಂಬಾ ಜನ ಮೊದಲ ವಾರದಲ್ಲೇ ಬಿಟ್ಟುಬಿಡ್ತಾರೆ, ಕಾರಣ ಒಂದೇ, ನಮ್ಮವ್ರು ಹೊಡೆದಿದ್ದೆಲ್ಲಾ ಗುರಿ ತಪ್ಪುತ್ತೆ, ಕಂಪ್ಯೂಟರ್ ಹೊಡೆದಿದ್ದೆಲ್ಲಾ ತಾಗುತ್ತೆ ಅಂತ. ನಂಗೂ ಹಾಗೇ ಅನ್ಸಿತ್ತು. ಆದ್ರೆ ಕೂತು ಒಂದೊಂದೇ ನಿಯಮ ಅರ್ಥ ಮಾಡ್ಕೊಂಡ ಮೇಲೆ ಈಗ ಧೈರ್ಯವಾಗಿ ಹೇಳ್ತೀನಿ, ನಾನು ಆಡಿರೋ ಸರದಿ ಪ್ರಕಾರ ಆಡೋ ಟರ್ನ್ ಬೇಸ್ಡ್ ಗೇಮ್‌ಗಳಲ್ಲಿ ಇಷ್ಟು ನೇರವಾಗಿ ನಡ್ಕೊಳ್ಳೋದು ಇನ್ನೊಂದಿಲ್ಲ. ನಿಯಮಗಳನ್ನ ಯಾರೂ ಬಚ್ಚಿಟ್ಟಿಲ್ಲ, ಆದ್ರೆ ಕೈ ಹಿಡಿದು ಹೇಳ್ಕೊಡೋದೂ ಇಲ್ಲ, ತೊಂದ್ರೆ ಇರೋದೇ ಅಲ್ಲಿ.

2003ರಲ್ಲಿ ಮೊದಲು ಬಿಡುಗಡೆ ಆಗಿದ್ದು, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ದುಡ್ಡು ಕೊಡದೇ ಆಡಬಹುದು. ಗ್ರಾಫಿಕ್ಸ್ ಹಳೇ ಕಾಲದ ಪಿಕ್ಸೆಲ್ ಚಿತ್ರಗಳು, ನಂಗೆ ತುಂಬಾ ಇಷ್ಟ, ಅದು ಬಿಡಿ.

ಮೊದಲು ತಲೆಗೆ ಹತ್ತಬೇಕಾದ ವಿಷಯ ಏನಂದ್ರೆ, ಏಟು ತಾಗುತ್ತಾ ಇಲ್ವಾ ಅನ್ನೋದು ಹೊಡೆಯೋನ ಕೈಚಳಕದ ಮೇಲೆ ನಿಂತಿಲ್ಲ, ಹೊಡೆಸಿಕೊಳ್ಳೋನು ಯಾವ ನೆಲದ ಮೇಲೆ ನಿಂತಿದಾನೆ ಅನ್ನೋದರ ಮೇಲೆ ನಿಂತಿದೆ. ಮೂರನೇ ಲೆವೆಲ್‌ನ ದೊಡ್ಡ ವೀರ ಹೊಡೆದ್ರೂ, ನಿನ್ನೆ ಸೇರಿದ ಸಿಪಾಯಿ ಹೊಡೆದ್ರೂ ತಾಗೋ ಸಾಧ್ಯತೆ ಒಂದೇ. ಸಾಮಾನ್ಯ ಮನುಷ್ಯ ಸೈನಿಕನಿಗೆ ಬಯಲಲ್ಲಿ ಡಿಫೆನ್ಸ್ (ಅಂದ್ರೆ ಅವನ ಮೇಲೆ ಬಂದ ಏಟು ತಪ್ಪೋ ಸಾಧ್ಯತೆ) 40%, ಕಾಡಲ್ಲಿ 50%, ಕೋಟೆಯಲ್ಲಿ 60%, ನೀರಲ್ಲಿ ನಿಂತ್ರೆ ಬರೀ 20%. ಕುದುರೆ ಸವಾರ ಕಾಡಿಗೆ ಹೋದ್ರೆ 30%, ಬೆಟ್ಟದ ಮೇಲಿರೋ ಕುಳ್ಳ ಡ್ವಾರ್ಫ್‌ಗೆ 70%. ಯೂನಿಟ್ ಆಯ್ಕೆ ಮಾಡಿ ಹೆಕ್ಸ್ (ನಕ್ಷೆಯ ಆರು ಮೂಲೆಯ ಮನೆ) ಮೇಲೆ ಮೌಸ್ ಇಟ್ರೆ ಈ ನಂಬರ್ ಅಲ್ಲೇ ಕಾಣುತ್ತೆ. ನಾನು ಬಹಳ ದಿನ ಅದನ್ನ ಹೊಡೆಯೋಕೆ ಸಿಗೋ ಲಾಭ ಅಂತ ತಪ್ಪು ತಿಳ್ಕೊಂಡು, ಎದುರಾಳಿನ ಅವನ ಬೆಟ್ಟದ ಮೇಲೇ ಹೋಗಿ ಹೊಡೀತಿದ್ದೆ. ಇದಕ್ಕೆ ದೊಡ್ಡ ಅಪವಾದ ಮಂತ್ರವಾದಿಗಳು, ಮ್ಯಾಜಿಕಲ್ ದಾಳಿ ಎದುರಾಳಿ ಎಲ್ಲಿ ನಿಂತಿದ್ರೂ ತಾಗೋ ಸಾಧ್ಯತೆ 70%, ಅದಕ್ಕೇ ಬೆಟ್ಟದ ಮೇಲೆ ಕೂತ ಡ್ವಾರ್ಫ್‌ನ ಇಳಿಸೋಕೆ ಮೇಜ್ ಅನ್ನೋ ಮಂತ್ರವಾದಿಗಳನ್ನ ಕಳಿಸ್ಬೇಕು.

ಎರಡನೇದು ಹಗಲು ರಾತ್ರಿ. ಆರು ಟರ್ನ್‌ಗೆ ಒಂದು ದಿನ, ಬೆಳಗಿನ ಜಾವ, ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ, ಆಮೇಲೆ ರಾತ್ರಿಯ ಎರಡು ಜಾವ. ಲಾಫುಲ್ ಯೂನಿಟ್‌ಗೆ ಹಗಲಿನ ಎರಡು ಟರ್ನ್ ಏಟು 25% ಜಾಸ್ತಿ, ರಾತ್ರಿ 25% ಕಮ್ಮಿ, ಕೇಯಾಟಿಕ್ ಯೂನಿಟ್‌ಗೆ ಅದರ ಉಲ್ಟಾ. ಬರೀ ಕಾಲು ಭಾಗ ತಾನೇ ಅನ್ಸುತ್ತೆ. ಒಂದು ಜೋಡಿ ತಗೊಂಡು ನೋಡಿ. ನಮ್ಮ ಸ್ಪಿಯರ್‌ಮ್ಯಾನ್ (ಈಟಿ ಹಿಡಿದ ಲಾಫುಲ್ ಸೈನಿಕ) 7ರ ಏಟು ಮೂರು ಸಲ ಹಾಕ್ತಾನೆ, ಎದುರಿರೋ ಆರ್ಕಿಶ್ ಗ್ರಂಟ್ (ಕೇಯಾಟಿಕ್ ಪಕ್ಷದ ರಾಕ್ಷಸ ಯೋಧ) 9ರ ಏಟು ಎರಡು ಸಲ. ಹಗಲಲ್ಲಿ ನಮ್ಮವನದು 9 ಆಗುತ್ತೆ, ಅವನದು 7ಕ್ಕೆ ಇಳಿಯುತ್ತೆ, ಅಂದ್ರೆ ಎಲ್ಲಾ ತಾಗಿದ್ರೆ 27ಕ್ಕೆ 14. ರಾತ್ರಿ ನಮ್ಮವನದು 5, ಅವನದು 11, ಅಂದ್ರೆ 15ಕ್ಕೆ 22. ಅದೇ ಇಬ್ರು, ಅದೇ ಜಾಗ, ಬದಲಾಗಿದ್ದು ಹೊತ್ತು ಮಾತ್ರ. ನಾನು ಗೆದ್ದೇ ಬಿಟ್ಟೆ ಅಂತ ಮುಸ್ಸಂಜೆಯಲ್ಲಿ ಮುಂದೆ ನುಗ್ಗಿದ ಪ್ರತಿ ಸಲವೂ ಎರಡೇ ಟರ್ನಲ್ಲಿ ಅರ್ಧ ಸೈನ್ಯ ಹೋಗ್ತಿತ್ತು, ಅದನ್ನ ನಾನು ಅದೃಷ್ಟ ಕೈ ಕೊಡ್ತು ಅಂತಿದ್ದೆ. ಈಗ ಮುಸ್ಸಂಜೆ ಆಗ್ತಿದ್ದ ಹಾಗೇ ಹಿಂದೆ ಬಂದು ಹಳ್ಳಿ, ಕೋಟೆ ಹಿಡ್ಕೊಂಡು ಕೂತ್ಕೋತೀನಿ, ಬೆಳಕು ಹರಿದ ಮೇಲೆ ಮತ್ತೆ ಮುಂದೆ.

ಇನ್ನು ಆ 60% ವಿಷಯ. ಗ್ರಂಟ್‌ಗೂ ಬಯಲಲ್ಲಿ ಡಿಫೆನ್ಸ್ 40%, ಅಂದ್ರೆ ನಮ್ಮ ಏಟು ತಾಗೋ ಸಾಧ್ಯತೆ 60%. ಬಯಲಲ್ಲಿ ನಿಂತ ಗ್ರಂಟ್‌ಗೆ ಸ್ಪಿಯರ್‌ಮ್ಯಾನ್‌ನ ಮೂರೂ ಏಟು ತಪ್ಪೋ ಸಾಧ್ಯತೆ 6.4%, ಹೆಚ್ಚು ಕಮ್ಮಿ 16ರಲ್ಲಿ ಒಂದು ಸಲ. ಅಪರೂಪ ಅನ್ಸುತ್ತೆ ಅಲ್ವಾ, ಆದ್ರೆ ಒಂದು ಟರ್ನಲ್ಲಿ ಇಂಥ ಎಂಟು ದಾಳಿ ಮಾಡಿದ್ರೆ ಅದರಲ್ಲಿ ಒಂದಾದ್ರೂ ಪೂರ್ತಿ ಖಾಲಿ ಹೋಗೋ ಸಾಧ್ಯತೆ 41%. ನಮ್ಮ ಮನಸ್ಸು ಇದನ್ನ ಒಪ್ಪಲ್ಲ, ಅದಕ್ಕೆ ಬೇರೆ ಗೇಮ್‌ಗಳೂ ಕಾರಣ ಅಂತ ನನ್ನ ನಂಬಿಕೆ. ಫೈರ್ ಎಂಬ್ಲೆಮ್ ಸೀರೀಸ್‌ನಲ್ಲಿ 2002ರ ಗೇಮ್‌ಬಾಯ್ ಅಡ್ವಾನ್ಸ್ ಗೇಮಿಂದ ಒಂದರ ಬದಲು ಎರಡು ರ್ಯಾಂಡಮ್ ನಂಬರ್ ಎತ್ತಿ ಅದರ ಸರಾಸರಿ ನೋಡೋ ಪದ್ಧತಿ ಬಂತು, ಆ ಲೆಕ್ಕದಲ್ಲಿ ಸ್ಕ್ರೀನ್ ಮೇಲೆ 90 ಅಂತ ಇದ್ರೆ ನಿಜವಾಗಿ 98.1, 10 ಅಂತ ಇದ್ರೆ ನಿಜವಾಗಿ 2.1. ಎಕ್ಸ್‌ಕಾಮ್ 2ರಲ್ಲೂ ಕೆಳಗಿನ ಡಿಫಿಕಲ್ಟಿಗಳಲ್ಲಿ ಗುರಿ ತಪ್ಪಿದ ಮೇಲೆ ಮುಂದಿನದಕ್ಕೆ ಗುಟ್ಟಾಗಿ ಬೋನಸ್ ಸೇರುತ್ತೆ, ಅದು ಸ್ಕ್ರೀನ್ ಮೇಲೆ ಕಾಣಲ್ಲ. ಅಂಥವನ್ನ ಆಡಿ ಆಡಿ ಅಭ್ಯಾಸ ಆಗಿರೋರಿಗೆ ವೆಸ್ನೋತ್‌ನ ನಿಜವಾದ 60% ಮೋಸದ ಥರ ಕಾಣುತ್ತೆ.

ನಂಬಿಕೆ ಬರ್ಲಿಲ್ಲ ಅಂದ್ರೆ ಮೆನುವಿನಲ್ಲಿ ಸ್ಟಾಟಿಸ್ಟಿಕ್ಸ್ ಅಂತ ಇದೆ, ನೀವು ಕೊಟ್ಟ ಏಟು, ತಿಂದ ಏಟು ಲೆಕ್ಕದ ಪ್ರಕಾರ ಎಷ್ಟಿರ್ಬೇಕಿತ್ತು, ಎಷ್ಟಾಯ್ತು ಅಂತ ತೋರ್ಸುತ್ತೆ. ನಾನು ತೀರಾ ಅನ್ಯಾಯ ಆಯ್ತು ಅಂದ್ಕೊಂಡಿದ್ದ ಒಂದು ಆಟ ಮುಗಿದ ಮೇಲೆ ತೆಗೆದು ನೋಡಿದ್ರೆ ವ್ಯತ್ಯಾಸ ಏನೇನೂ ಇರ್ಲಿಲ್ಲ. ಸೋತಿದ್ದು ರಾತ್ರಿ ಬಯಲಲ್ಲಿ ನಿಂತಿದ್ದಕ್ಕೆ. ಹಾಗೇ ದಾಳಿ ಮಾಡೋ ಮುಂಚೆ ಬರೋ ಕಿಟಕಿಯಲ್ಲಿ ಡ್ಯಾಮೇಜ್ ಕ್ಯಾಲ್ಕುಲೇಷನ್ಸ್ ಅನ್ನೋ ಬಟನ್ ಇದೆ, ದಯವಿಟ್ಟು ಒತ್ತಿ ನೋಡಿ, ಹೊಡೆದಾಟ ಮುಗಿದಾಗ ಯಾರಿಗೆ ಎಷ್ಟು ಜೀವ ಉಳಿಯೋ ಸಾಧ್ಯತೆ ಎಷ್ಟು ಅಂತ ಪೂರ್ತಿ ಬಿಚ್ಚಿ ಹೇಳುತ್ತೆ. ಈಟಿಯೋನನ್ನ ಅಸ್ಥಿಪಂಜರದ ಮೇಲೆ ಬಿಡೋ ತಪ್ಪೂ ಅಲ್ಲೇ ಗೊತ್ತಾಗುತ್ತೆ, ಚುಚ್ಚೋ ಏಟನ್ನ ಅದು 60% ತಡ್ಕೊಳ್ಳುತ್ತೆ, ನಿಮ್ಮ 7 ಮುಸ್ಸಂಜೆಯಲ್ಲಿ 3 ಆಗಿಬಿಡುತ್ತೆ. ಅದಕ್ಕೆ ಗದೆ ಹಿಡ್ಕೊಂಡಿರೋ ಹೆವಿ ಇನ್‌ಫೆಂಟ್ರಿನೇ ಸರಿ.

ಜೋನ್ ಆಫ್ ಕಂಟ್ರೋಲ್ (ಯೂನಿಟ್‌ಗೆ ತನ್ನ ಸುತ್ತಲಿನ ಹೆಕ್ಸ್‌ಗಳ ಮೇಲಿರೋ ಹಿಡಿತ) ಬಗ್ಗೆ ಹೇಳ್ಲೇಬೇಕು. ಶತ್ರುವಿನ ಪಕ್ಕದ ಹೆಕ್ಸ್‌ಗೆ ಕಾಲಿಟ್ರೆ ಅಲ್ಲಿಗೆ ಆ ಟರ್ನಿನ ನಡಿಗೆ ಮುಗೀತು. ಹಾಗಾಗಿ ಸಾಲಾಗಿ ಗೋಡೆ ಥರ ನಿಲ್ಲಿಸೋದು ಬೇಕಿಲ್ಲ, ಇಬ್ಬರ ಮಧ್ಯ ಎರಡು ಹೆಕ್ಸ್ ಖಾಲಿ ಬಿಟ್ರೂ ಒಂದೇ ಟರ್ನಲ್ಲಿ ಯಾರೂ ಅದನ್ನ ದಾಟಿ ಹೋಗೋಕಾಗಲ್ಲ, ಈ ನಿಯಮ ತಾಗದ ಸ್ಕರ್ಮಿಷರ್‌ಗಳನ್ನ ಬಿಟ್ಟು. ಆದ್ರೆ ಸೊನ್ನೆ ಲೆವೆಲ್‌ನ ಯೂನಿಟ್‌ಗೆ ಈ ಶಕ್ತಿ ಇಲ್ಲ, ರೈತರನ್ನ ಕಾವಲಿಗೆ ನಿಲ್ಲಿಸಿದ್ರೆ ಇಲ್ಲದ ಹಾಗೇ. ವಿಷದ ಏಟು ಟರ್ನಿಗೆ 8 ಜೀವ ತಿನ್ನುತ್ತೆ ಆದ್ರೆ ಕೊಲ್ಲಲ್ಲ, 1ಕ್ಕೆ ಬಂದು ನಿಲ್ಲುತ್ತೆ. ಹಳ್ಳಿಗೆ ಹೋದ್ರೆ ಮೊದಲ ಟರ್ನಲ್ಲಿ ವಿಷ ಮಾತ್ರ ಇಳಿಯುತ್ತೆ, ಜೀವ ತುಂಬೋದು ಆಮೇಲೆ.

ಅನುಭವದ ಲೆಕ್ಕ ನಂಗೆ ತುಂಬಾ ಖುಷಿ ಕೊಟ್ಟಿದ್ದು. ಬರೀ ಹೊಡೆದಾಡಿದ್ರೆ ಎದುರಾಳಿಯ ಲೆವೆಲ್ ಎಷ್ಟೋ ಅಷ್ಟೇ ಪಾಯಿಂಟ್, ಕೊಂದ್ರೆ ಅದರ ಎಂಟು ಪಟ್ಟು, ಸೊನ್ನೆ ಲೆವೆಲ್‌ಗೆ 4. ಅಂದ್ರೆ ಕೊನೇ ಏಟು ಯಾರು ಹಾಕ್ತಾರೆ ಅನ್ನೋದೇ ಎಲ್ಲಾ. ಬಲಿಷ್ಠರು ಹೊಡೆದು ಬಡಿದು ಇಟ್ಟ ಗ್ರಂಟ್‌ನ, ಮೇಲೇರೋಕೆ ಸ್ವಲ್ಪವೇ ಬಾಕಿ ಇರೋ ಮೇಜ್‌ಗೆ ಬಿಟ್ಕೊಡಿ, ಲೆವೆಲ್ ಏರಿದ ತಕ್ಷಣ ಜೀವ ಪೂರ್ತಿ ತುಂಬುತ್ತೆ, ಸಾಯೋ ಹಾಗಿದ್ದೋನು ಅಲ್ಲೇ ಎದ್ದು ನಿಲ್ತಾನೆ. ಆ ಕ್ಷಣಕ್ಕೋಸ್ಕರವೇ ನಾನು ಮತ್ತೆ ಮತ್ತೆ ಈ ಗೇಮ್‌ಗೆ ಬರ್ತೀನಿ.

ಕೊರತೆ ಇಲ್ಲ ಅಂತಲ್ಲ. ಟ್ಯುಟೋರಿಯಲ್ ಚೆನ್ನಾಗಿದೆ ಆದ್ರೆ ಬೇಗ ಮುಗಿಯುತ್ತೆ, ಉಳಿದಿದ್ದೆಲ್ಲಾ ಹೆಲ್ಪ್‌ನಲ್ಲಿ ಹುಡುಕ್ಬೇಕು. ಸೈನಿಕರನ್ನ ಸೇರಿಸ್ಕೊಳ್ಳೋಕೆ ಬೇಕಾದ ಚಿನ್ನದ ವಿಷಯ ಅಂತೂ ಹೊಸಬರಿಗೆ ಗೊತ್ತೇ ಆಗಲ್ಲ, ಸಾಮಾನ್ಯವಾಗಿ ಉಳಿದ ಚಿನ್ನದಲ್ಲಿ 40% ಮಾತ್ರ ಮುಂದಿನ ಸನ್ನಿವೇಶಕ್ಕೆ ಹೋಗೋದು, ಬೇಗ ಮುಗಿಸಿದ್ರೆ ಉಳಿದ ಟರ್ನ್‌ಗಳಿಗೆ ಬೋನಸ್ ಸಿಗುತ್ತೆ, ಹಾಗಾಗಿ ಗೆದ್ದ ಮೇಲೂ ಸುಮ್ನೆ ಕೂತು ಕಾಲ ಕಳೆಯೋದು ನಷ್ಟ. ಕ್ಯಾಂಪೇನ್‌ಗಳನ್ನ (ಸನ್ನಿವೇಶಗಳನ್ನ ಜೋಡಿಸಿದ ಕಥೆಗಳು) ಬೇರೆ ಬೇರೆಯವ್ರು ಬರೆದಿರೋದ್ರಿಂದ ಕಷ್ಟದ ಮಟ್ಟ ಒಂದೇ ಥರ ಇಲ್ಲ. ಕಂಪ್ಯೂಟರ್ ಎದುರಾಳಿನೂ ಅಷ್ಟೇನು ಚುರುಕಲ್ಲ, ಗಾಯ ಆಗಿರೋ ಒಬ್ಬನನ್ನ ಮುಂದೆ ಕಾಣೋ ಹಾಗೆ ಬಿಟ್ರೆ ಬಯಲಿಗೆ ಇಳಿದು ಬಂದೇ ಬರ್ತಾನೆ, ಮನುಷ್ಯರ ಜೊತೆ ಆಡಿದ್ರೆ ಮಾತ್ರ ನಿಜವಾದ ಮಜಾ.

ಹೊಸದಾಗಿ ಶುರು ಮಾಡೋರು ಎ ಟೇಲ್ ಆಫ್ ಟೂ ಬ್ರದರ್ಸ್ ಕ್ಯಾಂಪೇನ್ ಇಂದ ಹಿಡೀರಿ, ನಾಲ್ಕೇ ಸನ್ನಿವೇಶ. ತೀರಾ ಏರುಪೇರು ಬೇಡ ಅನ್ನೋರಿಗೆ ಈಚಿನ ವರ್ಷನ್‌ಗಳಲ್ಲಿ ಕ್ಯಾಂಪೇನ್ ಶುರು ಮಾಡುವಾಗ್ಲೇ ಅದೃಷ್ಟದ ಪಾಲು ಕಮ್ಮಿ ಮಾಡೋ ಆಯ್ಕೆನೂ ಇದೆ. ಆದ್ರೆ ಮೊದಲ ಸಲ ಅದನ್ನ ಮುಟ್ಟದೇ ಆಡಿ ನೋಡಿ, ಮುಸ್ಸಂಜೆ ಟರ್ನ್ ಬಂದಾಗ ಹಿಂದೆ ಸರಿಯೋದು ಮರೀಬೇಡಿ.