ಒಂದೇ ಮನೆ, ಒಂದೇ ಇನ್ಸುಲಿನ್: ಸಿರಿಂಜ್ ಮತ್ತು ಪೆನ್

ಸಿಂಧನೂರಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಏಳೂವರೆಗೆ ಇಬ್ಬರು ಇನ್ಸುಲಿನ್ ತೆಗೆದುಕೊಳ್ಳುತ್ತೇವೆ. ನನಗೆ ಎಪ್ಪತ್ತೊಂದು ವರ್ಷ, ನಮ್ಮ ಮನೆಯವರಿಗೆ ಅರವತ್ತಾರು. ಔಷಧ ಇಬ್ಬರಿಗೂ ಒಂದೇ. ಮೂವತ್ತು ಪಾಲು ಬೇಗ ಕೆಲಸ ಮಾಡುವ ಮತ್ತು ಎಪ್ಪತ್ತು ಪಾಲು ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಬೆರೆಸಿದ, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕಾದ ಮಿಶ್ರಣ ಅದು. ವ್ಯತ್ಯಾಸವಿರುವುದು ಅದನ್ನು ಮೈಯೊಳಗೆ ಇಳಿಸುವ ಬಗೆಯಲ್ಲಿ: ಅವರು ಬಾಟಲಿಯಿಂದ ಸಿರಿಂಜ್‌ಗೆ ಎಳೆದುಕೊಂಡು ಚುಚ್ಚಿಕೊಳ್ಳುತ್ತಾರೆ, ನಾನು ಇನ್ಸುಲಿನ್ ಪೆನ್ ಬಳಸುತ್ತೇನೆ, ಅಂದರೆ ಪ್ರಮಾಣವನ್ನು ತಿರುಗಿಸಿ ಇಟ್ಟು ಗುಂಡಿ ಒತ್ತಿದರೆ ಸೂಜಿಯ ಮೂಲಕ ಔಷಧ ಇಳಿಸುವ, ಬರೆಯುವ ಪೆನ್ನಿನಂಥ ಸಾಧನ. ನಾನೂ ಮೊದಲ ನಾಲ್ಕು ವರ್ಷ ಸಿರಿಂಜ್ ಬಳಸಿದವನೇ, ಅವರೂ ಎರಡು ತಿಂಗಳು ಪೆನ್ ಹಿಡಿದು ನೋಡಿ ಬಿಟ್ಟವರೇ. ಆದ್ದರಿಂದ ಎರಡರ ಗುಣದೋಷಗಳನ್ನೂ ಒಂದೇ ಅಡುಗೆಮನೆಯ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ನಮಗೆ ಸಿಕ್ಕಿದೆ.

ಮೊದಲು ಹೇಳಬೇಕಾದದ್ದು ಅಂಕಿಯ ವಿಷಯ, ಏಕೆಂದರೆ ಇದರಲ್ಲಿ ತಪ್ಪಿದರೆ ಉಳಿದ ಯಾವ ಹೋಲಿಕೆಗೂ ಅರ್ಥವಿಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಹತ್ತು ಮಿಲಿಯ ಬಾಟಲಿಯಲ್ಲಿ ಒಂದು ಮಿಲಿಗೆ 40 ಯೂನಿಟ್ ಔಷಧವಿರುತ್ತದೆ (ಇನ್ಸುಲಿನ್ ಅಳೆಯುವುದು ಯೂನಿಟ್ ಲೆಕ್ಕದಲ್ಲಿ). ಪೆನ್ನಿನೊಳಗೆ ಕೂರಿಸುವ ಮೂರು ಮಿಲಿಯ ಔಷಧದ ಕೊಳವೆಯಲ್ಲಿ, ಅಂದರೆ ಕಾರ್ಟ್ರಿಜ್‌ನಲ್ಲಿ, ಒಂದು ಮಿಲಿಗೆ 100 ಯೂನಿಟ್ ಇರುತ್ತದೆ. ಸಿರಿಂಜ್‌ಗಳಲ್ಲಿಯೂ ಎರಡು ಜಾತಿ: ಕೆಂಪು ಮುಚ್ಚಳದ್ದು ನಲವತ್ತರ ಬಾಟಲಿಗೆ, ಕಿತ್ತಳೆ ಮುಚ್ಚಳದ್ದು ನೂರರ ಔಷಧಕ್ಕೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನನಗೆ ಈ ಲೆಕ್ಕ ಗೊತ್ತಿರಬೇಕಿತ್ತು, ಆದರೆ ಗೊತ್ತಿರಲಿಲ್ಲ.

ಸಿರಿಂಜ್ ಬಳಸುತ್ತಿದ್ದ ಮೂರನೆಯ ವರ್ಷ ಒಂದು ಮೆಡಿಕಲ್ ಅಂಗಡಿಯ ಹುಡುಗ ಕೆಂಪು ಮುಚ್ಚಳದ್ದು ಮುಗಿದಿದೆ ಎಂದು ಕಿತ್ತಳೆ ಮುಚ್ಚಳದ ಸಿರಿಂಜ್‌ಗಳ ಒಂದು ಪ್ಯಾಕೆಟ್ ಕೊಟ್ಟ. ಸೂಜಿ ಸೂಜಿಯೇ ಅಲ್ಲವೇ ಎಂದು ನಾನೂ ತಂದೆ. ಎಂದಿನಂತೆ 22ರ ಗೆರೆಯವರೆಗೆ ಎಳೆದು ಚುಚ್ಚಿಕೊಂಡೆ. ಆ ಸಿರಿಂಜ್‌ನಲ್ಲಿ 22ರ ಗೆರೆ ಎಂದರೆ 0.22 ಮಿಲಿ, ನಲವತ್ತರ ಔಷಧದಲ್ಲಿ ಅದು ಒಂಬತ್ತು ಯೂನಿಟ್ ಕೂಡ ಆಗುವುದಿಲ್ಲ. ಎರಡು ವಾರ ಬರಿಹೊಟ್ಟೆಯ ಸಕ್ಕರೆ ಮುನ್ನೂರರ ಕೆಳಗೆ ಇಳಿಯಲಿಲ್ಲ. ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಏಳುವುದು, ಕಾಲು ಸೆಳೆತ. ಜೋಳದ ರೊಟ್ಟಿಯನ್ನು ಎರಡರಿಂದ ಒಂದಕ್ಕೆ ಇಳಿಸಿದೆ, ಸಂಜೆಯ ಚಹಾ ಬಿಟ್ಟೆ, ಆದರೂ ಫಲ ಸೊನ್ನೆ. ಡಾಕ್ಟರು ಪ್ರಮಾಣ ಹೆಚ್ಚಿಸಿ ಬರೆಯಲು ಪೆನ್ನು ಎತ್ತಿದವರು, ಯಾಕೋ ತಡೆದು, "ಮಾಸ್ತರ್ರೀ, ನೀವು ಹೆಂಗ ತಗೋತೀರಿ, ಒಮ್ಮೆ ತೋರಸ್ರಿ" ಎಂದರು. ಚೀಲದಿಂದ ಸಿರಿಂಜ್ ತೆಗೆದ ಕೂಡಲೇ ಅವರ ಕಣ್ಣು ಬಿದ್ದದ್ದು ಮುಚ್ಚಳದ ಬಣ್ಣದ ಮೇಲೆ. ಅಂದು ಅವರು ಕೇಳದೆ ಪ್ರಮಾಣ ಏರಿಸಿದ್ದರೆ, ಮುಂದಿನ ತಿಂಗಳು ನಾನು ಮತ್ತೆ ಕೆಂಪು ಮುಚ್ಚಳದ್ದನ್ನು ತಂದು ಏರಿಸಿದ ಲೆಕ್ಕದಲ್ಲೇ ತೆಗೆದುಕೊಂಡಿದ್ದರೆ, ಸಕ್ಕರೆ ಕುಸಿದು ಎಲ್ಲಿ ಬೀಳುತ್ತಿದ್ದೆನೋ ಗೊತ್ತಿಲ್ಲ. ಈ ಒಂದು ವಿಷಯದಲ್ಲಿ ಪೆನ್ನಿನದೇ ಮೇಲುಗೈ. ಕಿಟಕಿಯಲ್ಲಿ 22 ಎಂದು ತಿರುಗಿಸಿದರೆ ಒಳಗೆ ಹೋಗುವುದೂ 22 ಯೂನಿಟ್ಟೇ, ಗೆರೆಯ ಗೊಂದಲಕ್ಕೆ ಅಲ್ಲಿ ಎಡೆಯಿಲ್ಲ.

ನಾನು ಪೆನ್ನಿಗೆ ಬದಲಾದದ್ದು ಮಾತ್ರ ಈ ಕಾರಣಕ್ಕಲ್ಲ, ಕಣ್ಣಿನ ಕಾರಣಕ್ಕೆ. ಎರಡೂ ಕಣ್ಣಿಗೆ ಪೊರೆ ಬಂದು, ಸಿರಿಂಜ್‌ನ ಕೂದಲೆಳೆಯಂಥ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಕಾಣತೊಡಗಿದವು. ಗಾಳಿಯ ಗುಳ್ಳೆ ಇದೆಯೋ ಇಲ್ಲವೋ ಎಂದು ನೋಡಲು ಅಂಗಳಕ್ಕೆ ಹೋಗಿ ಬಿಸಿಲಿಗೆ ಹಿಡಿಯಬೇಕಾಗುತ್ತಿತ್ತು, ಸಂಜೆಯ ಪಾಳಿಗೆ ಸೊಸೆಯನ್ನು ಕರೆಯಬೇಕಾಗುತ್ತಿತ್ತು. ಪೆನ್ನಿನಲ್ಲಿ ಒಂದೊಂದು ಯೂನಿಟ್‌ಗೆ ಒಂದೊಂದು ಟಿಕ್ ಎಂಬ ಸದ್ದು. ಎಣಿಸಿಕೊಂಡು ತಿರುಗಿಸುವುದು ನನಗೆ ಸುಲಭವಾಯಿತು. ಸದ್ದನ್ನಷ್ಟೇ ನಂಬಬಾರದು, ಕಿಟಕಿಯ ಅಂಕಿಯನ್ನೂ ನೋಡಬೇಕು ಎಂದು ಡಾಕ್ಟರು ಹೇಳಿದ್ದರಿಂದ ಮೊಮ್ಮಗನನ್ನು ಕರೆದು "ಎಷ್ಟೈತಿ ನೋಡಪಾ" ಎಂದು ಓದಿಸುತ್ತಿದ್ದೆ. ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಆದ ಮೇಲೆ ಆ ಅಂಕಿ ನನಗೇ ಕಾಣುತ್ತಿದೆ.

ಆದರೆ ಪೆನ್ನು ಕಣ್ಣಿಗೆ ಕೊಟ್ಟ ಅನುಕೂಲವನ್ನು ಹೆಬ್ಬೆರಳಿನಿಂದ ವಸೂಲಿ ಮಾಡುತ್ತದೆ. ಹಿಂದೆ ಚಿಕೂನ್‌ಗುನ್ಯಾ ಬಂದು ಹೋದಂದಿನಿಂದ ನನ್ನ ಬಲಗೈಯ ಹೆಬ್ಬೆರಳ ಗಂಟು ಬಿಗಿ. ಪ್ರಮಾಣ ಹೆಚ್ಚಿದಷ್ಟೂ ಪೆನ್ನಿನ ಗುಂಡಿ ಹೊರಗೆ ಬರುತ್ತದೆ, ಅದನ್ನು ಕೊನೆಯವರೆಗೆ ಒತ್ತಿ, ಒತ್ತಿದ ಬೆರಳನ್ನು ಹಾಗೆಯೇ ಇಟ್ಟು ಹತ್ತು ಎಣಿಸಿದ ಮೇಲೆಯೇ ಸೂಜಿ ಹೊರಗೆ ತೆಗೆಯಬೇಕು. ಚಳಿಗಾಲದ ಬೆಳಿಗ್ಗೆ ಆ ಹತ್ತು ಎಣಿಕೆ ಬಹಳ ಉದ್ದ. ಒಮ್ಮೆ ಆರಕ್ಕೇ ತೆಗೆದುಬಿಟ್ಟೆ. ಸೂಜಿಯ ತುದಿಯಿಂದ ಎರಡು ಹನಿ ಹೊಟ್ಟೆಯ ಮೇಲೆ ಬಿದ್ದು, ಆಸ್ಪತ್ರೆಯ ಫಿನಾಯಿಲ್ ನೆನಪಿಸುವ ಇನ್ಸುಲಿನ್ ವಾಸನೆ ಬನಿಯನ್ನಿಗೆ ಅಂಟಿತು. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಉಳಿಯಿತು ಎಂದು ಹೇಳುವವರಿಲ್ಲ. ಹಾಗೆಂದು ಮತ್ತೊಮ್ಮೆ ಚುಚ್ಚಿಕೊಳ್ಳುವಂತೆಯೂ ಇಲ್ಲ.

ನಮ್ಮ ಮನೆಯವರು ಪೆನ್ನು ಬಿಟ್ಟದ್ದು ಇದೇ ಅನುಮಾನಕ್ಕೆ. "ಟಿಕ್ ಟಿಕ್ ಅಂತೈತಿ ಖರೆ, ಒಳಗ ಹೋತೋ ಇಲ್ಲೋ ಯಾರಿಗ್ಗೊತ್ರೀ? ನನಗ ಔಷಧ ಇಳಿಯೋದು ಕಣ್ಣೀಲೆ ಕಾಣಬೇಕು" ಎಂಬುದು ಅವರ ವಾದ. ಅವರ ಕೈಯಲ್ಲಿ ಸಿರಿಂಜ್ ನಿಜಕ್ಕೂ ಚೆನ್ನಾಗಿ ನಡೆಯುತ್ತದೆ. ಬಾಟಲಿಯನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸುತ್ತಾರೆ, ಕುಲುಕುವುದಿಲ್ಲ. ತಳದಲ್ಲಿ ಸುಣ್ಣದಂತೆ ಕೂತಿದ್ದ ಬಿಳಿ ಪದರ ತಿಳಿಯೊಳಗೆ ಬೆರೆತು ಹಾಲಿನಂತಾಗುವವರೆಗೂ ಆತುರಪಡುವುದಿಲ್ಲ. ಎಷ್ಟು ಯೂನಿಟ್ ಬೇಕೋ ಅಷ್ಟು ಗಾಳಿಯನ್ನು ಮೊದಲು ಬಾಟಲಿಯೊಳಗೆ ತಳ್ಳಿ, ಬಾಟಲಿಯನ್ನು ತಲೆಕೆಳಗು ಹಿಡಿದು, ಔಷಧ ಎಳೆದು, ಉಗುರಿನಿಂದ ಎರಡು ಸಲ ತಟ್ಟಿ ಗುಳ್ಳೆ ಬಿಡಿಸುತ್ತಾರೆ. ಪೆನ್ನಿನ ಔಷಧವನ್ನೂ ಹತ್ತು ಸಲ ಉರುಳಿಸಿ ಹತ್ತು ಸಲ ಮೇಲೆ ಕೆಳಗೆ ತಿರುವಬೇಕೆಂಬ ನಿಯಮವಿದೆ. ಬೆರೆಯಲು ನೆರವಾಗಲೆಂದೇ ನನ್ನ ಕಾರ್ಟ್ರಿಜ್‌ನೊಳಗೆ ಒಂದು ಪುಟ್ಟ ಗಾಜಿನ ಗುಂಡು ಹಾಕಿದ್ದಾರೆ. ಆದರೆ ಪೆನ್ನಿನೊಳಗಿನ ಔಷಧ ಅರ್ಧ ಮಾತ್ರ ಕಣ್ಣಿಗೆ ಬೀಳುವುದರಿಂದ ಮೈಗಳ್ಳತನಕ್ಕೆ ದಾರಿಯಾಗುತ್ತದೆ. ನಾನು ನಾಲ್ಕು ಸಲ ತಿರುವಿ ಮುಗಿಸಿದ ದಿನಗಳಿವೆ, ಆ ದಿನಗಳ ಸಕ್ಕರೆಯ ಏರಿಳಿತವೂ ಹಾಗೆಯೇ ಇತ್ತು.

ಸೂಜಿಯ ಮಟ್ಟಿಗೆ ಪೆನ್ ಹಿತ. ನನ್ನ ಪೆನ್ನಿನ ಸೂಜಿ ನಾಲ್ಕು ಮಿಲಿಮೀಟರ್ ಉದ್ದದ್ದು, ಚರ್ಮ ಹಿಡಿದೆತ್ತುವ ಅಗತ್ಯವಿಲ್ಲ, ಚುಚ್ಚಿದ್ದು ಬಹಳ ಸಲ ಗೊತ್ತೇ ಆಗುವುದಿಲ್ಲ. ಈ ಹಿತವೇ ನನ್ನನ್ನು ಕೆಡಿಸಿತು. ನೋವಾಗದ ಜಾಗವೊಂದು ಹೊಕ್ಕಳಿನ ಬಲಕ್ಕೆ ಸಿಕ್ಕಿತೆಂದು ದಿನವೂ ಅಲ್ಲಿಯೇ ಚುಚ್ಚಿಕೊಂಡು ಅಡಿಕೆಯಷ್ಟು ಗಂಟು ಮಾಡಿಕೊಂಡೆ. ಅಂಥ ಗಂಟಿನೊಳಗೆ ಹೋದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಮನೆಯವರು ಹೊಕ್ಕಳಿನಿಂದ ಎರಡು ಬೆರಳು ಬಿಟ್ಟು, ರಂಗೋಲಿಯ ಚುಕ್ಕಿ ಇಟ್ಟಂತೆ, ದಿನಕ್ಕೊಂದು ಜಾಗ ಬದಲಿಸುತ್ತಾರೆ. ಅವರಿಗೆ ಗಂಟು ಆಗಿಲ್ಲ. ಸೂಜಿಯನ್ನು ಒಂದೇ ಸಲ ಬಳಸಬೇಕೆಂಬ ನಿಯಮವನ್ನು ಮಾತ್ರ ಇಬ್ಬರೂ ಪೂರ್ತಿ ಪಾಲಿಸಿಲ್ಲ. ಎರಡು ಮೂರು ಸಲ ಬಳಸಿದ್ದೇವೆ, ಮೂರನೆಯ ಸಲಕ್ಕೆ ಮೊಂಡಾದದ್ದು ಹೊಟ್ಟೆಗೆ ತಿಳಿಯುತ್ತದೆ.

ಇನ್ನು ನಮ್ಮ ಸೀಮೆಯ ಬಿಸಿಲು. ತೆರೆಯದ ಇನ್ಸುಲಿನ್ ಯಾವ ರೂಪದ್ದಾದರೂ 2ರಿಂದ 8 ಡಿಗ್ರಿಯೊಳಗೆ ಇರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಬಳಕೆಯಲ್ಲಿರುವುದನ್ನು ಸುಮಾರು ನಾಲ್ಕು ವಾರ ಹೊರಗಿಡಬಹುದು, ಆದರೆ ತಂಪು ಜಾಗದಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಯಾವ ಮನೆಯ ಯಾವ ಮೂಲೆ ತಂಪು? ಬಳಕೆಯಲ್ಲಿರುವ ಪೆನ್ನನ್ನು ಫ್ರಿಜ್ಜಿನಲ್ಲಿ ಇಡಬೇಡಿ ಎಂದು ಅದರೊಂದಿಗೆ ಬಂದ ಕಾಗದ ಹೇಳುತ್ತದೆ. ಮೂವತ್ತು ಡಿಗ್ರಿ ದಾಟಬಾರದು ಎಂದೂ ಅದೇ ಕಾಗದ ಹೇಳುತ್ತದೆ. ಆ ಕಾಗದ ಬರೆದವರು ಬೇಸಿಗೆಯಲ್ಲಿ ಸಿಂಧನೂರಿಗೆ ಬಂದಿರಲಾರರು. ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವಿರುವ ಜಿಲ್ಲೆ ನಮ್ಮದು, ಆದರೂ ಮಧ್ಯಾಹ್ನ ಕರೆಂಟ್ ಹೋಗುವುದು ನಮಗೆ ಹೊಸದೇನಲ್ಲ.

ನಾವು ಕಂಡುಕೊಂಡ ದಾರಿ ಗಡಿಗೆಯದು. ದೊಡ್ಡ ಗಡಿಗೆಯೊಳಗೆ ಮರಳು ತುಂಬಿ, ಅದರ ನಡುವೆ ಚಿಕ್ಕ ಗಡಿಗೆ ಇಟ್ಟು, ಮರಳಿಗೆ ದಿನಕ್ಕೆ ಎರಡು ಸಲ ನೀರು ಹಾಕಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚುತ್ತೇವೆ. ಹಜಾರದ ಉಷ್ಣಮಾಪಕ 38 ತೋರಿಸಿದ ಮಧ್ಯಾಹ್ನ ಒಳಗಿನ ಗಡಿಗೆಯಲ್ಲಿ 27 ಇತ್ತು. ನಮ್ಮ ಒಣಗಾಳಿಯಲ್ಲಿ ನೀರು ಬೇಗ ಆರಿ ಶಾಖ ಹೀರಿಕೊಳ್ಳುವುದರಿಂದ ಇದು ಸಾಧ್ಯ. ಮಳೆಗಾಲದಲ್ಲಿ ಗಾಳಿ ತೇವವಾದಾಗ ಗಡಿಗೆಯ ಆಟ ಅಷ್ಟಾಗಿ ನಡೆಯುವುದಿಲ್ಲ, ಆದರೆ ಆಗ ಅದರ ಅಗತ್ಯವೂ ಅಷ್ಟಿರುವುದಿಲ್ಲ. ಗಡಿಗೆಯೊಳಗೆ ಬಾಟಲಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಆರಾಮವಾಗಿ ಕೂರುತ್ತದೆ. ಪೆನ್ನಿಗೆ ತೇವ ಆಗಿಬರುವುದಿಲ್ಲವಾದ್ದರಿಂದ ಅದನ್ನು ಎರಡು ಸುತ್ತು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಇಡಬೇಕು, ಪ್ರತಿ ಸಲ ಬಿಚ್ಚಿ ಒರೆಸಬೇಕು. ಗಡಿಗೆಯ ಮಟ್ಟಿಗೆ ಬಾಟಲಿಯೇ ಮೇಲು.

ಖರ್ಚಿನ ಲೆಕ್ಕ ಹೀಗಿದೆ. ನನಗೆ ಬೆಳಿಗ್ಗೆ 22, ಸಂಜೆ 14, ಒಟ್ಟು ದಿನಕ್ಕೆ 36 ಯೂನಿಟ್. ಬಾಟಲಿಯಲ್ಲಿ 400 ಯೂನಿಟ್ ಇರುವುದರಿಂದ ಅದು ಹನ್ನೊಂದು ದಿನ ಬರುತ್ತಿತ್ತು. ಕಾರ್ಟ್ರಿಜ್‌ನಲ್ಲಿರುವುದು 300 ಯೂನಿಟ್. ಪೆನ್ನಿನಲ್ಲಿ ಪ್ರತಿ ಸಲವೂ ಗಾಳಿ ಹೊರಹಾಕಲು ಎರಡು ಯೂನಿಟ್ ಹೊರಕ್ಕೆ ಚಿಮ್ಮಿಸಬೇಕಾದ್ದರಿಂದ ದಿನದ ಲೆಕ್ಕ ನಲವತ್ತಾಗಿ, ಏಳೂವರೆ ದಿನಕ್ಕೆ ಮುಗಿಯುತ್ತದೆ. ಬಾಟಲಿಗೆ ಕೊಡುತ್ತಿದ್ದ ಹಣದ ಎರಡು ಪಟ್ಟಿಗೂ ಹೆಚ್ಚನ್ನು ನಾನು ಒಂದು ಕಾರ್ಟ್ರಿಜ್‌ಗೆ ಕೊಡುತ್ತಿದ್ದೇನೆ, ಸೂಜಿಯ ಹಣ ಬೇರೆ. ಪಿಂಚಣಿ ಬರುವವನಿಗೆ ಇದು ನಡೆಯುತ್ತದೆ. ಮನೆಯವರು ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಬಾಟಲಿ ಉಚಿತವಾಗಿ ತರುತ್ತಾರೆ, ದಾಸ್ತಾನಿಲ್ಲದ ತಿಂಗಳು ಮಾತ್ರ ಹೊರಗೆ ಕೊಳ್ಳುತ್ತಾರೆ. ಕೂಲಿ ಮಾಡಿ ಬದುಕುವ ನೆರೆಯ ಹಿರಿಯರು ಯಾವುದು ಒಳ್ಳೆಯದೆಂದು ನನ್ನನ್ನು ಕೇಳಿದಾಗ, ಕಣ್ಣು ನೆಟ್ಟಗಿದ್ದರೆ ಬಾಟಲಿಯೇ ಸಾಕು ಎಂದು ಎರಡು ಮಾತಿಲ್ಲದೆ ಹೇಳಿದ್ದೇನೆ.

ಪ್ರಯಾಣಕ್ಕೆ ಪೆನ್ ಲೇಸೆಂದು ಎಲ್ಲರೂ ಹೇಳುತ್ತಾರೆ. ಜೇಬಿನಲ್ಲಿ ಹಿಡಿಯುತ್ತದೆ, ಬಸ್ಸಿನಲ್ಲಿ ಕೂತಲ್ಲೇ ಕೆಲಸ ಮುಗಿಯುತ್ತದೆ, ಇದೆಲ್ಲ ನಿಜ. ಆದರೆ ಒಂದು ಹುಣ್ಣಿಮೆಗೆ ಕೊಪ್ಪಳ ಜಿಲ್ಲೆಯ ಹುಲಿಗಿಗೆ ಅಮ್ಮನವರ ದರ್ಶನಕ್ಕೆ ಹೋದಾಗ ನನ್ನ ಪೆನ್ನು ಹೊಳೆಯ ಮೆಟ್ಟಿಲ ಮೇಲೆ ಬಿತ್ತು. ಕಾರ್ಟ್ರಿಜ್ ಸೀಳಿತು, ಗುಂಡಿ ಒಳಗೂ ಹೋಗದೆ ಹೊರಗೂ ಬಾರದೆ ಸಿಕ್ಕಿಕೊಂಡಿತು. ಚೀಲದಲ್ಲಿ ಇನ್ನೊಂದು ಕಾರ್ಟ್ರಿಜ್ ಇತ್ತು, ಆದರೆ ಅದನ್ನು ಕೂರಿಸಲು ಪೆನ್ನಿಲ್ಲ. ಜೊತೆಗಿದ್ದ ಬೀಗರು ಮನೆಯವರ ಸಿರಿಂಜ್ ತೋರಿಸಿ, "ಅದರಾಗಿಂದ ಇದಕ್ಕ ಎಳಕೊಂಡ್ರಾತಲ್ರೀ" ಎಂದರು. ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 22ರ ಗೆರೆಯವರೆಗೆ ಕಾರ್ಟ್ರಿಜ್‌ನ ಔಷಧ ಎಳೆದಿದ್ದರೆ ನನ್ನ ಮೈಗೆ ಹೋಗುತ್ತಿದ್ದದ್ದು 55 ಯೂನಿಟ್. ಈ ಸಲ ಲೆಕ್ಕ ಗೊತ್ತಿತ್ತು. ಮನೆಯವರ ಬಾಟಲಿಯಿಂದಲೇ ಅವರ ಕೈಯಿಂದಲೇ 22 ಯೂನಿಟ್ ಹಾಕಿಸಿಕೊಂಡೆ. ಹೊಸ ಪೆನ್ನು ಸಿಂಧನೂರಿನಲ್ಲಿ ಸಿಗದೆ ರಾಯಚೂರಿನಿಂದ ತರಿಸುವಷ್ಟರಲ್ಲಿ ಐದು ದಿನ ಕಳೆದವು. ಸಿರಿಂಜ್ ಒಡೆದರೆ ಮುಂದಿನ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ.

ಈಗ ನಾನು ಊರು ಬಿಡುವಾಗ ಪೆನ್ನಿನ ಜೊತೆಗೆ ಒಂದು ಬಾಟಲಿ, ಕೆಂಪು ಮುಚ್ಚಳದ ಎರಡು ಸಿರಿಂಜ್, ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಒಂದು ಪೊಟ್ಟಣ ಸಕ್ಕರೆ ಇಟ್ಟುಕೊಳ್ಳುತ್ತೇನೆ. ಮುಂದಿನ ತಿಂಗಳು ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆ ಇದೆ. ಗೆರೆಗಳು ಮತ್ತೆ ಬಿಡಿಬಿಡಿಯಾಗಿ ಕಂಡರೆ, ಹೆಬ್ಬೆರಳಿನ ನೋವು ತಪ್ಪಿಸಿಕೊಳ್ಳಲು ಬಾಟಲಿಗೆ ಮರಳಬಹುದೇ ಎಂದು ಡಾಕ್ಟರನ್ನು ಕೇಳಿದ್ದೇನೆ. ನೋಡೋಣ ಎಂದಿದ್ದಾರೆ. ಮನೆಯವರು ಮಾತ್ರ ಈಗಲೇ ನನ್ನ ಪಾಲಿನದೆಂದು ಸಿರಿಂಜ್‌ಗಳ ಒಂದು ಪ್ಯಾಕೆಟ್ ತಂದು, ಮುಚ್ಚಳದ ಬಣ್ಣವನ್ನು ಎರಡು ಸಲ ನೋಡಿ, ಕಪಾಟಿನಲ್ಲಿ ಇಟ್ಟಿದ್ದಾರೆ.